ಲಾಬಿಯ ಗೋಡೆಗೆ ಬಹುಚರಾ ಮಾತೆಯ ಹುಂಜ

ಅಹಮದಾಬಾದಿನ ಬೋಪಾಲ್‌ನಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ಲಾಬಿಗೆ ಜಪಾನಿನ ಚಿತ್ರಕಾರ ಹಿರೋಶಿಗೆಯ ಸಾರಸಗಳು ಬಂದಿವೆ. ಚೆಲುವಾದ ಚಿತ್ರ, ತಕರಾರಿಲ್ಲ. ಜಪಾನಿಗರಿಗೆ ಸಾರಸವೆಂದರೆ ಸಾವಿರ ವರ್ಷದ ಆಯುಸ್ಸು. ಜೋಡಿ ಮ್ಯಾಂಡರಿನ್ ಬಾತುಗಳೆಂದರೆ ದಾಂಪತ್ಯ. ಎಡೋ ಪಟ್ಟಣದ ಸಾಮಾನ್ಯರೂ ಕೊಳ್ಳುತ್ತಿದ್ದ ಅಗ್ಗದ ಮರದಚ್ಚಿನ ಚಿತ್ರಗಳಿವು. ಅವುಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನಮ್ಮ ಲಾಬಿಯಲ್ಲಿ ಅವು ಸೋಫಾದ ಬಣ್ಣಕ್ಕೆ ಹೊಂದುತ್ತವೆ, ಅಷ್ಟೇ.

ಸೊಸೈಟಿ ಮೀಟಿಂಗಿನಲ್ಲಿ ನಾನು ಕೇಳಿದ್ದು ಇಷ್ಟೇ: ಮರದಚ್ಚಿನ ಹಕ್ಕಿಯೇ ಬೇಕಿದ್ದರೆ ಇದೇ ಊರಿನ ವಾಸಣಾದಿಂದ ದೇವಿಯ ಚಿತ್ರವಿರುವ ಒಂದು ‘ಮಾತಾ ನಿ ಪಚೇಡಿ’ ಬಟ್ಟೆ ತರಬಾರದೇಕೆ? ಹುಂಜದ ಮೇಲೆ ಕುಳಿತ ಬಹುಚರಾ ಮಾತೆಯ ಫೋಟೊ ತೋರಿಸಿದೆ. “ಬೆನ್, ಬಾಗಿಲಲ್ಲೇ ಕೋಳಿಯಾ?” ಎಂದರು ಒಬ್ಬರು. ಎಲ್ಲರೂ ನಕ್ಕರು.

ಧಾರವಾಡದಲ್ಲಿ ಬೆಳೆದ ನನಗೆ ಆ ನಗು ಅರ್ಥವಾಗಲಿಲ್ಲ. ಇಳಕಲ್ ಸೀರೆಯ ಮೇಲೆ ಎಳೆ ಎಣಿಸಿ ಕಸೂತಿಯ ನವಿಲು ಹಾಕುತ್ತಿದ್ದ ಮನೆ ನಮ್ಮದು. ಸುಬ್ರಹ್ಮಣ್ಯನ ಬಾವುಟದಲ್ಲಿ ಇರುವುದೂ ಕೋಳಿಯೇ ಅಲ್ಲವೇ?

ಗುಡಿಯೊಳಗೆ ಬಿಡದಿದ್ದಾಗ ದೇವಿಯನ್ನೇ ಬಟ್ಟೆಗಿಳಿಸಿ, ಆ ಬಟ್ಟೆಯನ್ನೇ ಗುಡಿ ಮಾಡಿಕೊಂಡ ದೇವೀಪೂಜಕ ಸಮುದಾಯದ ಕಲೆ ಈ ಪಚೇಡಿ. ಬಟ್ಟೆಯನ್ನು ಅಳಲೆಕಾಯಿ ನೀರಿನಲ್ಲಿ ಅದ್ದಿ ಒಣಗಿಸುತ್ತಾರೆ. ತುಕ್ಕು ಕಬ್ಬಿಣವನ್ನು ಬೆಲ್ಲದ ಜೊತೆ ಕೊಳೆಹಾಕಿದರೆ ಕಪ್ಪು ಬಣ್ಣ. ಅದು ಹರಿಯದಂತೆ ಹುಣಸೆಬೀಜದ ಹಿಟ್ಟು ಬೆರೆಸುತ್ತಾರೆ. ಪಟಿಕ ಹಚ್ಚಿದ ಜಾಗ ಕುದಿಯುವ ಬಣ್ಣದಲ್ಲಿ ಕೆಂಪಾಗುತ್ತದೆ. ಅಂಚಿಗೆ ಮರದಚ್ಚು, ಉಳಿದದ್ದಕ್ಕೆ ಬಿದಿರಿನ ಕಡ್ಡಿ. ಕೊನೆಗೆ ಹರಿಯುವ ನೀರಿನಲ್ಲೇ ತೊಳೆಯಬೇಕು, ಅದಕ್ಕೇ ಸಾಬರಮತಿ. ಪಚೇಡಿಗಳಲ್ಲಿ ಖೋಡಿಯಾರ್ ಮಾತೆಗೆ ಮೊಸಳೆ ವಾಹನ, ಮೇಲಡಿ ಮಾತೆಗೆ ಆಡು, ಬಹುಚರಾಗೆ ಹುಂಜ. ದಂಡಿನವರು ಕೊಂದು ತಿಂದ ಆಕೆಯ ಹುಂಜ ಅವರ ಹೊಟ್ಟೆಯೊಳಗಿಂದಲೇ ಕೂಗಿತೆಂದು ಕಥೆ. ಹಿಜಡಾ ಸಮುದಾಯಕ್ಕಂತೂ ಈಕೆಯೇ ತಾಯಿ. ಸಾರಸದ ದೀರ್ಘಾಯುಸ್ಸಿಗಿಂತ ಈ ಹುಂಜದ ಹಟ ನನಗೆ ದೊಡ್ಡದಾಗಿ ಕಾಣುತ್ತದೆ.

ಅದೇ ಫೋಟೊವನ್ನು ನಮ್ಮ ಮೆಟ್ಟಿಲು ಗುಡಿಸುವ ಮೆಹಸಾಣಾ ಕಡೆಯ ಹೆಣ್ಣುಮಗಳಿಗೆ ತೋರಿಸಿದೆ. ಪೊರಕೆ ಬದಿಗಿಟ್ಟು ಕೈ ಮುಗಿದಳು. ಚೈತ್ರದ ಹುಣ್ಣಿಮೆಗೆ ಬಹುಚರಾ ಮಾತೆಯ ಗುಡಿಯಿರುವ ಬೇಚರಾಜಿಗೆ ಹೋಗಿಬರುವವಳು ಅವಳು.

2023ರಲ್ಲಿ ಈ ಕಲೆಯ ಭಾನುಭಾಯಿ ಚಿತಾರಾ ಅವರಿಗೆ ಪದ್ಮಶ್ರೀ ಬಂತು. ಚಪ್ಪಾಳೆ ತಟ್ಟಿ ಕೈತೊಳೆದುಕೊಂಡರೆ ಅವರ ಅಚ್ಚುಗಳು ಒದ್ದೆಯಾಗುವುದಿಲ್ಲ. ಮೆಷಿನ್ನಿನಲ್ಲಿ ಹೊಡೆದ ನಕಲು ತರಬೇಡಿ. ವಾಸಣಾ ಬೋಪಾಲ್‌ನಿಂದ ದೂರವೇನಲ್ಲ. ಹೋಗಿ, ಕೂತು, ಕೇಳಿ, ಆರ್ಡರ್ ಕೊಡಿ. ಕೊಡುವಾಗ ಚೌಕಾಸಿ ಮಾಡಬೇಡಿ.