ಮೂರು ರಾತ್ರಿಗಳಿಂದ ಒಂದು ಕಛೇರಿ

1974ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೊದಲ್ಲಿ ನಾಲ್ವರು ಸಂಗೀತಗಾರರು ತಮ್ಮದೇ ಕಛೇರಿಯೊಂದನ್ನು ನಟಿಸಿದರು. ನಿಜವಾದ ಕಛೇರಿ ನಡೆದದ್ದು ಒಂದು ವರ್ಷ ಹಿಂದೆ, 1973ರ ಜುಲೈ 27, 28 ಮತ್ತು 29ರ ರಾತ್ರಿಗಳಂದು, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ. ಅಲ್ಲಿ ಚಿತ್ರೀಕರಿಸಿದ್ದ ನಿರ್ದೇಶಕ ಜೋ ಮ್ಯಾಸೊಟ್ ತಂದ ಸುರುಳಿಗಳನ್ನು ಪರಿಶೀಲಿಸಿದಾಗ ನಡುನಡುವೆ ತೆರಪುಗಳು ಕಂಡವು. ಹಲವು ಹಾಡುಗಳಿಗೆ ಧ್ವನಿಯಿತ್ತು, ಪೂರ್ತಿ ಚಿತ್ರವಿರಲಿಲ್ಲ. ಮ್ಯಾಸೊಟ್ ಬದಲಿಗೆ ಪೀಟರ್ ಕ್ಲಿಫ್ಟನ್ ಬಂದರು. ಸ್ಟುಡಿಯೊದಲ್ಲಿ ಅದೇ ಮಾದರಿಯ ವೇದಿಕೆ ಎದ್ದಿತು. ಹಳೆಯ ಧ್ವನಿಮುದ್ರಣಕ್ಕೆ ಹೊಂದುವಂತೆ ನಾಲ್ವರೂ ಕೈಬಾಯಿ ಆಡಿಸಿದರು. ಬೇಸ್ ಗಿಟಾರ್ ಮತ್ತು ಕೀಬೋರ್ಡ್ ನುಡಿಸುತ್ತಿದ್ದ ಜಾನ್ ಪಾಲ್ ಜೋನ್ಸ್ ಅಷ್ಟರಲ್ಲಿ ತಲೆಗೂದಲನ್ನು ಗಿಡ್ಡಗೆ ಕತ್ತರಿಸಿಕೊಂಡಿದ್ದರಿಂದ ವಿಗ್ ಧರಿಸಿ ಕ್ಯಾಮೆರಾದ ಮುಂದೆ ನಿಂತರು.

ಆ ತಂಡ ಲೆಡ್ ಜೆಪ್ಲಿನ್. 1976ರ ಅಕ್ಟೋಬರಿನಲ್ಲಿ ತೆರೆಕಂಡ ಆ ಚಿತ್ರದ ಹೆಸರು 'ದಿ ಸಾಂಗ್ ರಿಮೇನ್ಸ್ ದಿ ಸೇಮ್', ಎಂದರೆ ಹಾಡು ಇದ್ದಂತೆಯೇ ಇದೆ ಎಂದು. ಹಾಡು ಇದ್ದಂತೆ ಉಳಿಯಿತೇ ಇಲ್ಲವೇ ಎಂಬುದರ ಮೇಲೆಯೇ ಅಭಿಮಾನಿಗಳು ಅಂದಿನಿಂದ ಇಂದಿನವರೆಗೆ ಜಗಳವಾಡುತ್ತ ಬಂದಿದ್ದಾರೆಂಬುದು ಆ ಶೀರ್ಷಿಕೆಗೆ ತಾನಾಗಿ ಒದಗಿದ ವ್ಯಂಗ್ಯ.

ಕನ್ನಡ ವಿಭಾಗದ ಪತ್ರಿಕೆಯಲ್ಲಿ ರಾಕ್ ಸಂಗೀತದ ಮಾತೇಕೆ ಎಂದು ಹಿರಿಯ ಸಹೋದ್ಯೋಗಿಗಳು ಹುಬ್ಬೇರಿಸಬಹುದು. ಐಚ್ಛಿಕ ಕನ್ನಡ ಓದುವ ನಮ್ಮ ವಿದ್ಯಾರ್ಥಿಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಏನನ್ನು ಕೇಳುತ್ತಾರೆಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಆ ಕಾರಣವನ್ನು ಬದಿಗಿಟ್ಟರೂ ಈ ಜಗಳ ನಮ್ಮದೇ. ಗ್ರಂಥಸಂಪಾದನೆಯ ಪತ್ರಿಕೆಗೆ ಮೂಲಪಾಠ, ಪಾಠಾಂತರ, ಪ್ರಕ್ಷೇಪ ಎಂಬ ಪದಗಳನ್ನು ಉರುಹೊಡೆದು, ಪರೀಕ್ಷೆ ಮುಗಿದೊಡನೆ ಮರೆಯುವ ಪರಿಪಾಠ ನಮ್ಮಲ್ಲಿದೆ. ಆ ಪದಗಳ ಪರಿಚಯವೇ ಇಲ್ಲದ ಜನರು ಐದು ದಶಕಗಳಿಂದ ಆ ಕೆಲಸವನ್ನೇ ಪ್ರೀತಿಯಿಂದ ಮಾಡುತ್ತ ಬಂದಿದ್ದಾರೆ.

ಅವರ ವಾದಗಳನ್ನು ನೋಡೋಣ. ಮೊದಲ ಪಂಗಡದವರು ಈ ಚಿತ್ರವನ್ನು ಮೋಸವೆಂದೇ ಕರೆಯುತ್ತಾರೆ. ಮೂರು ರಾತ್ರಿಗಳನ್ನು ಒಂದೇ ರಾತ್ರಿಯೆಂಬಂತೆ ಹೊಲಿದಿದ್ದಾರೆ. ಜೋನ್ಸ್ ಅವರ ಉಡುಪು ರಾತ್ರಿಯಿಂದ ರಾತ್ರಿಗೆ ಬೇರೆಯಾಗಿದ್ದುದರಿಂದ ಹೊಲಿಗೆ ಎದ್ದು ಕಾಣುತ್ತದೆ. ಅದರ ಮೇಲೆ ಶೆಪರ್ಟನ್ನಿನ ತೇಪೆ ಬೇರೆ. ಯಾವ ಚೌಕಟ್ಟು ನ್ಯೂಯಾರ್ಕಿನದು, ಯಾವುದು ಸ್ಟುಡಿಯೊದ್ದು ಎಂದು ಇವರು ಕೂದಲಿನ ಉದ್ದ ನೋಡಿ ಹೇಳಬಲ್ಲರು. ಎರಡನೆಯ ಪಂಗಡದವರು ಅಂದು ಸಭಾಂಗಣದಲ್ಲಿ ಇದ್ದವರು, ಇಲ್ಲವೇ ಇದ್ದವರ ಬಾಯಿಂದ ಕೇಳಿದವರು. ಅಲ್ಲಿನ ಅನುಭವದ ಕಾಲುಭಾಗವೂ ಪರದೆಯ ಮೇಲೆ ಬಂದಿಲ್ಲವೆಂಬುದು ಅವರ ಕೊರಗು. ಮೂರನೆಯವರು ತಂಡವನ್ನು ಎಂದೂ ಕಣ್ಣಾರೆ ಕಾಣದವರು. 1980ರ ಸೆಪ್ಟೆಂಬರಿನಲ್ಲಿ ಡ್ರಮ್ಸ್ ವಾದಕ ಜಾನ್ ಬೋನಮ್ ತೀರಿಕೊಂಡು, ಅದೇ ವರ್ಷದ ಕೊನೆಗೆ ತಂಡ ಮುಗಿದುಹೋದ ಮೇಲೆ ಹುಟ್ಟಿದ ಕೋಟ್ಯಂತರ ಕೇಳುಗರಿಗೆ ಈ ಚಿತ್ರವೇ ಕಛೇರಿ. ಅವರಿಗೆ ವಿಗ್ಗಿನ ಚಿಂತೆಯಿಲ್ಲ.

ಇವುಗಳಲ್ಲಿ ನನಗೆ ತೀರ ದುರ್ಬಲವಾಗಿ ಕಾಣುವುದು ಎರಡನೆಯದು. ಸುಮಾರು ಇಪ್ಪತ್ತು ಸಾವಿರ ಜನ ಹಿಡಿಸುವ ಸಭಾಂಗಣದ ಹಿಂಬದಿಯ ಸಾಲಿನಲ್ಲಿ ಕುಳಿತವನಿಗೆ ಜಿಮ್ಮಿ ಪೇಜ್ ಅವರ ಬೆರಳುಗಳು ಕಂಡಿರಲಾರವು, ಕ್ಯಾಮೆರಾಕ್ಕೆ ಕಂಡವು. ಹಾಜರಿಯೊಂದೇ ಪ್ರಮಾಣವಾದರೆ ಹನ್ನೆರಡನೆಯ ಶತಮಾನದ ಬಗ್ಗೆ ನಾವಾರೂ ಬಾಯಿ ತೆರೆಯುವಂತಿಲ್ಲ.

ಮೊದಲನೆಯ ಪಂಗಡದ ಆಕ್ಷೇಪ ಮಾತ್ರ ಗಂಭೀರವಾದುದು. ಅದಕ್ಕೆ ಉತ್ತರ ಹುಡುಕಹೊರಟಾಗ ನನಗೆ ನೆನಪಾದದ್ದು ಶೂನ್ಯಸಂಪಾದನೆ. ಅಲ್ಲಮ, ಬಸವಣ್ಣ, ಅಕ್ಕಮಹಾದೇವಿ, ಸಿದ್ಧರಾಮ ಇವರು ಬೇರೆ ಬೇರೆ ಸಂದರ್ಭಗಳಲ್ಲಿ ಹೇಳಿದ ವಚನಗಳನ್ನು ಎತ್ತಿ, ಒಂದರ ಮುಂದೊಂದಿಟ್ಟು, ನಡುವೆ ಗದ್ಯದ ಎಳೆ ಸೇರಿಸಿ, ಒಂದೇ ಮಹಾಸಂವಾದವೆಂಬಂತೆ ಕಟ್ಟಿದವನು ಶಿವಗಣಪ್ರಸಾದಿ ಮಹಾದೇವಯ್ಯ. ವಚನಗಳ ಕಾಲಕ್ಕೂ ಅವನಿಗೂ ನಡುವೆ ಸುಮಾರು ಮೂರು ಶತಮಾನಗಳ ಅಂತರ. ಆಮೇಲೆ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ತಮ್ಮ ತಮ್ಮ ನಿಲುವಿಗೆ ತಕ್ಕಂತೆ ಅದನ್ನು ಮತ್ತೆ ಕಟ್ಟಿದರು. ನಮ್ಮ ಸೊನ್ನಲಿಗೆಯ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆಯಾಯಿತೇ ಎಂಬ ಪ್ರಸಂಗದಲ್ಲಿ ಈ ನಾಲ್ಕು ಸಂಪಾದನೆಗಳು ಒಂದೇ ಮಾತನ್ನಾಡುವುದಿಲ್ಲವೆಂಬುದನ್ನು ತರಗತಿಯಲ್ಲಿ ಕೇಳಿದ್ದೀರಿ. ಅನುಭವಮಂಟಪದ ಆ ಸಂವಾದ ನಡೆದದ್ದು ನಡೆದಂತೆ ಬರೆದುಕೊಂಡ ವರದಿಯಲ್ಲ. ಅದನ್ನು ಮೋಸವೆಂದು ಕರೆಯುವ ಓದುಗ ನನಗೆ ಇದುವರೆಗೆ ಸಿಕ್ಕಿಲ್ಲ. 'ಸಂಪಾದನೆ' ಎಂಬ ಪದ ಶೀರ್ಷಿಕೆಯಲ್ಲಿಯೇ ಇದೆ.

ಕಛೇರಿಯ ಚಿತ್ರವೂ ಸಂಪಾದನೆಯೇ. ಹತ್ತಾರು ಕ್ಯಾಮೆರಾ ಸುರುಳಿಗಳಲ್ಲಿ ಯಾವುದನ್ನು ಎಷ್ಟು ಹೊತ್ತು ತೋರಿಸಬೇಕು, ಗಾಯಕನ ಮುಖವೋ ವಾದಕನ ಕೈಯೋ, ಪ್ರೇಕ್ಷಕರನ್ನು ಎಲ್ಲಿ ತರಬೇಕು ಎಂಬ ಒಂದೊಂದು ಆಯ್ಕೆಯೂ ಒಂದು ವ್ಯಾಖ್ಯಾನ. ಕೆಲವರು ಪ್ರೇಕ್ಷಕರನ್ನೇ ಬಿಟ್ಟಿದ್ದಾರೆ: ಏಡ್ರಿಯನ್ ಮೇಬನ್ ನಿರ್ದೇಶಿಸಿದ ಪಿಂಕ್ ಫ್ಲಾಯ್ಡ್ ತಂಡದ ಪಾಂಪೇ ಚಿತ್ರದಲ್ಲಿ, 1971ರಲ್ಲಿ, ತಂಡ ನುಡಿಸಿದ್ದು ಇಟಲಿಯ ಆ ಪಾಳುಪಟ್ಟಣದ ಬರಿದಾದ ಪುರಾತನ ರಂಗಾಂಗಣದಲ್ಲಿ. ಕೇಳುವವರೇ ಇಲ್ಲದ ಕಛೇರಿ ಕಛೇರಿಯೇ ಎಂದು ಅಲ್ಲಿಯೂ ವಾದವೆಬ್ಬಿಸಬಹುದು. ಆದುದರಿಂದ 'ಕೈ ಸೋಂಕದ' ಚಿತ್ರಮುದ್ರಿಕೆ ಎಂಬ ಬೇಡಿಕೆಯೇ ಅಸಾಧ್ಯವಾದುದು. ಅದನ್ನು ಕೇಳುವವರು ತಮಗೆ ಬೇಕಾದದ್ದು ಸಾಕ್ಷಿಯೋ ಕೃತಿಯೋ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ಚಿತ್ರ ತಯಾರಿಸಿದವರು ಪಾರಾಗುವುದಿಲ್ಲ. ಶೂನ್ಯಸಂಪಾದನೆಯ ನಾಲ್ಕೂ ರೂಪಗಳು ನಮ್ಮ ಕೈಯಲ್ಲಿವೆ, ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಹಳಗನ್ನಡ ಕಾವ್ಯಗಳ ಒಳ್ಳೆಯ ಮುದ್ರಣಗಳಲ್ಲಿ ಪುಟದ ಬುಡದಲ್ಲಿ ಪಾಠಾಂತರಗಳಿರುತ್ತವೆ, ಡಿ.ಎಲ್. ನರಸಿಂಹಾಚಾರ್ಯರಂಥವರು ನಮಗೆ ಕಲಿಸಿಕೊಟ್ಟ ಶಿಸ್ತು ಅದು. ಸಂಪಾದಕ ತಾನು ಮುಟ್ಟಿದ ಜಾಗವನ್ನು ತೋರಿಸುತ್ತಾನೆ. 1976ರ ಚಿತ್ರ ನೋಡುಗನಿಗೆ ಅಂಥ ಗುರುತು ಯಾವುದನ್ನೂ ಕೊಡಲಿಲ್ಲ. ಧ್ವನಿ ನ್ಯೂಯಾರ್ಕಿನದು, ಕಣ್ಣಿಗೆ ಕಾಣುವ ಕೈ ಶೆಪರ್ಟನ್ನಿನದು. ಸಾಮಾನ್ಯ ನೋಡುಗನಿಗೆ ಇದರಿಂದ ನಷ್ಟವೇನೂ ಇಲ್ಲದಿರಬಹುದು. ಆದರೆ ಬೋನಮ್ ಅವರ ಕೈಚಳಕವನ್ನು ಚಿತ್ರ ನೋಡಿ ಕಲಿಯಹೊರಟ ಹುಡುಗನಿಗೆ ಕಿವಿ ಒಂದು ಹೇಳಿ, ಕಣ್ಣು ಇನ್ನೊಂದು ಹೇಳಿದರೆ ಅವನು ಯಾವುದನ್ನು ನಂಬಬೇಕು? ವಿಗ್ಗನ್ನು ನೋಡಿ ನಗುವವರಿಗಿಂತ ಈ ಹುಡುಗನ ದೂರು ನನಗೆ ಹೆಚ್ಚಿನದು.

ಇನ್ನೊಂದು ಸೂಕ್ಷ್ಮವಿದೆ. 'ಡೇಜ್ಡ್ ಅಂಡ್ ಕನ್‌ಫ್ಯೂಸ್ಡ್' ಎಂಬ ಹಾಡು 1969ರ ಮೊದಲ ಧ್ವನಿಮುದ್ರಿಕೆಯಲ್ಲಿ ಆರೂವರೆ ನಿಮಿಷದ್ದು. ಈ ಚಿತ್ರದ ಜೊತೆಗೆ ಬಂದ ಎರಡು ತಟ್ಟೆಗಳ ಧ್ವನಿಮುದ್ರಿಕೆಯಲ್ಲಿ ಅದು ಸುಮಾರು 27 ನಿಮಿಷ ಬೆಳೆದು ಒಂದಿಡೀ ಪಾರ್ಶ್ವವನ್ನು ಆಕ್ರಮಿಸಿದೆ. ಪೇಜ್ ಪಿಟೀಲಿನ ಕಮಾನಿನಿಂದ ಗಿಟಾರ್ ತಂತಿಗಳನ್ನು ಉಜ್ಜುವುದು ಇದರಲ್ಲಿಯೇ. ಸುಮ್ಮನೆ ಲಂಬಿಸಿದ್ದಾರೆ, ಬೇಸರ ಬರುತ್ತದೆ ಎನ್ನುವ ಅಭಿಮಾನಿಗಳು ಬಹಳ. ಒಂದು ಬಡಾ ಖ್ಯಾಲಿಗೆ ಮುಕ್ಕಾಲು ಗಂಟೆ ತಲೆದೂಗುವ ನಮ್ಮ ಭಾಗದ ಕೇಳುಗರಿಗೆ 27 ನಿಮಿಷ ದೊಡ್ಡದೇನಲ್ಲ. ಹಿಂದೆ ನಮ್ಮ ನೆರೆಯ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಒಂದು ಪದಕ್ಕೆ 'ಒನ್ಸ್ ಮೋರ್' ಬಿದ್ದು ಬಿದ್ದು ಬೆಳೆಯುತ್ತಿದ್ದ ಹೊತ್ತನ್ನು ಗ್ರಾಮೊಫೋನ್ ತಟ್ಟೆ ಮೂರು ನಿಮಿಷಕ್ಕೆ ಇಳಿಸಿತ್ತು. ಇಲ್ಲಿ ತಟ್ಟೆಯೇ ವೇದಿಕೆಯ ಹೊತ್ತಿಗೆ ಹಿಗ್ಗಿದೆ. ನನ್ನ ಆಕ್ಷೇಪ ಉದ್ದದ ಬಗ್ಗೆ ಅಲ್ಲ. ಸಿದ್ಧವಾಗಿ ರಚಿತವಾದ ಹಾಡಿನಲ್ಲಿ ಶುಕ್ರವಾರದ ಚರಣಕ್ಕೆ ಶನಿವಾರದ ಚರಣವನ್ನು ಬೆಸೆಯಬಹುದು, ಅರ್ಥ ಕೆಡುವುದಿಲ್ಲ. ಮನೋಧರ್ಮದ ವಿಸ್ತಾರದಲ್ಲಿ ಹಾಗಲ್ಲ. ಅಲ್ಲಿ ಒಂದು ಸ್ವರಗುಚ್ಛ ಹಿಂದಿನದಕ್ಕೆ ಉತ್ತರವಾಗಿ ಹುಟ್ಟುತ್ತದೆ. ಒಂದು ರಾತ್ರಿಯ ಪ್ರಶ್ನೆಗೆ ಇನ್ನೊಂದು ರಾತ್ರಿಯ ಉತ್ತರವನ್ನು ಅಂಟಿಸಿದಲ್ಲಿ ವಾದಕನ ಆಲೋಚನೆಯ ಸರಣಿಯೇ ಕಡಿಯುತ್ತದೆ. ಮೂರೂ ರಾತ್ರಿಗಳ ಧ್ವನಿಯನ್ನು ಬೇರೆ ಬೇರೆಯಾಗಿ ಹುಡುಕಿ ಕೂಡಿಟ್ಟುಕೊಂಡು, ಇಂಥ ಬೆಸುಗೆಯ ಜಾಗವನ್ನು ನಿಮಿಷ ಸೆಕೆಂಡುಗಳೊಡನೆ ಗುರುತಿಸಿಟ್ಟ ಅಭಿಮಾನಿಗಳ ತಾಳ್ಮೆಗೆ ನಾನು ಕೈಮುಗಿಯುತ್ತೇನೆ. ನಮ್ಮ ಸಂಪ್ರಬಂಧಗಳಲ್ಲಿ ಆ ತಾಳ್ಮೆಯ ಹತ್ತನೆಯ ಒಂದು ಪಾಲನ್ನೂ ಕಾಣೆ. 'ಈ ಕಾದಂಬರಿ ಮನಮುಟ್ಟುವಂತಿದೆ' ಎಂದು ಬರೆದು ವಿದ್ಯಾರ್ಥಿ ಕೈತೊಳೆದುಕೊಳ್ಳುತ್ತಾನೆ. ಯಾವ ಪುಟದಲ್ಲಿ ಮುಟ್ಟಿತು ಎಂದು ಕೇಳಿದರೆ ಉತ್ತರವಿಲ್ಲ.

ಇದೇ ಅಭಿಮಾನಿಗಳು ಎಡವಿದ ಜಾಗವನ್ನೂ ಹೇಳಬೇಕು. 2007ರಲ್ಲಿ ಧ್ವನಿಯನ್ನು ಹೊಸದಾಗಿ ಹೊಂದಿಸಿ, 1976ರ ಧ್ವನಿಮುದ್ರಿಕೆಯಲ್ಲಿ ಬಿಟ್ಟುಹೋಗಿದ್ದ 'ಬ್ಲ್ಯಾಕ್ ಡಾಗ್' ಮೊದಲಾದ ಆರು ಹಾಡುಗಳನ್ನು ಸೇರಿಸಿ ಮರುಬಿಡುಗಡೆ ಮಾಡಲಾಯಿತು. ಹಳಬರು ಸಿಟ್ಟಾದರು. ತಮಗೆ ಕಂಠಪಾಠವಾಗಿದ್ದ ಜಾಗಗಳು ಬದಲಾಗಿವೆ, ಮೂಲವನ್ನು ಕೆಡಿಸಿದ್ದಾರೆ ಎಂದರು. ಯಾವ ಮೂಲ? 1976ರದ್ದೂ ರಾತ್ರಿಗಳನ್ನು ಕೂಡಿಸಿ ಕಟ್ಟಿದ್ದೇ. ಮೊದಲು ಕಿವಿಗೆ ಬಿದ್ದ ಪಾಠವೇ ಮೂಲಪಾಠವೆಂದು ನಂಬುವುದು ಮನುಷ್ಯಸಹಜ. ಮನೆಯಲ್ಲಿ ಅಜ್ಜಿ ಹಾಡುತ್ತಿದ್ದ ದಾಸರ ಪದದ ಒಂದು ಶಬ್ದ ಅಚ್ಚಿನಲ್ಲಿ ಬೇರೆಯಾಗಿ ಕಂಡರೆ ನಾವೂ ಪುಸ್ತಕವೇ ತಪ್ಪೆನ್ನುತ್ತೇವೆ. ಮಮತೆ ಒಳ್ಳೆಯದೇ, ಪಾಠನಿರ್ಣಯಕ್ಕೆ ಅದು ಪ್ರಮಾಣವಾಗದು.

ಈ ಪಾಠವನ್ನು ನಾವು ಬಳಸಬೇಕಾದ ಜಾಗ ಹತ್ತಿರದಲ್ಲಿಯೇ ಇದೆ. ಕ್ಷೇತ್ರಕಾರ್ಯಕ್ಕೆಂದು ಹೋದ ನಮ್ಮ ವಿದ್ಯಾರ್ಥಿಗಳು ಗಡಿಭಾಗದ ಹಳ್ಳಿಗಳಿಂದ ಡೊಳ್ಳಿನ ಪದ, ಭಜನಾಪದಗಳನ್ನು ಮೊಬೈಲಿನಲ್ಲಿ ಚಿತ್ರಿಸಿ ತರುತ್ತಾರೆ. ಹಾಡುಗಾರ ಮರೆತು ತಡವರಿಸಿದ್ದು, ನಡುವೆ ಮರಾಠಿಯಲ್ಲಿ ಯಾರನ್ನೋ ಗದರಿಸಿದ್ದು, ಚಹಾ ಬಂದದ್ದು ಎಲ್ಲವನ್ನೂ ಕತ್ತರಿಸಿ, ಚೊಕ್ಕಟಮಾಡಿ ಒಪ್ಪಿಸುತ್ತಾರೆ. ನೋಡಲು ಚೆಂದ. ಮೂವತ್ತು ವರ್ಷಗಳ ಮೇಲೆ ಆ ಹಾಡುಗಾರ ಇಲ್ಲದಿದ್ದಾಗ ಅದೇ ಮೂಲವಾಗುತ್ತದೆ, ಎರಡು ಭಾಷೆಗಳ ನಡುವೆ ನಿಂತು ಹಾಡಿದವನು ಬರಿಯ ಒಂದು ಭಾಷೆಯವನಾಗಿ ಉಳಿಯುತ್ತಾನೆ. ಕತ್ತರಿಸಬಾರದೆಂದು ನಾನು ಹೇಳುವುದಿಲ್ಲ. ಕತ್ತರಿಸಿದ್ದನ್ನು ಎಸೆಯದೆ ಬೇರೆ ಕಡತದಲ್ಲಿಟ್ಟು, ಎಲ್ಲಿಂದ ಎಲ್ಲಿಗೆ ಕತ್ತರಿಸಿದ್ದೆಂದು ಒಂದು ಸಾಲು ಬರೆದುಕೊಟ್ಟರೆ ಸಾಕು. ಈ ವರ್ಷದಿಂದ ಅದನ್ನು ಕೇಳಿ ಪಡೆಯಲಿದ್ದೇನೆ.

ಲೆಡ್ ಜೆಪ್ಲಿನ್ ಅಭಿಮಾನಿಗಳಿಗೆ ಈಗ ಹೋಲಿಸಿ ನೋಡಲು ಬೇರೆ ಚಿತ್ರಗಳೂ ಇವೆ. 1970ರ ಜನವರಿ 9ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕೈಯಲ್ಲಿ ಹಿಡಿದ ಕ್ಯಾಮೆರಾಗಳಿಂದ ತೆಗೆದ ಚಿತ್ರ 2003ರಲ್ಲಿ ಡಿವಿಡಿಯಾಗಿ ಹೊರಬಂದಾಗ ಅನೇಕರು 1976ರದ್ದನ್ನು ಕಪಾಟಿನಲ್ಲಿ ಹಿಂದಕ್ಕೆ ತಳ್ಳಿದರು. ಅವರ ಆಯ್ಕೆ ಸರಿಯೆಂದೇ ನನ್ನ ಮತ. ಅಲ್ಲಿ ಅಲಂಕಾರವಿಲ್ಲ, ನಾಲ್ವರು ಒಬ್ಬರನ್ನೊಬ್ಬರು ನೋಡಿಕೊಂಡು ನುಡಿಸುತ್ತಾರೆ, ಕ್ಯಾಮೆರಾ ಅದನ್ನಷ್ಟೇ ನೋಡುತ್ತದೆ. 1976ರ ಚಿತ್ರದಲ್ಲಿ ಹಾಡುಗಳ ನಡುವೆ ತುರುಕಿದ ಕಲ್ಪನಾದೃಶ್ಯಗಳು ನನಗೆ ವಿಗ್ಗಿಗಿಂತ ಅಸಹ್ಯ. ಗಾಯಕ ರಾಬರ್ಟ್ ಪ್ಲಾಂಟ್ ಕತ್ತಿ ಹಿಡಿದ ವೀರನಾಗುತ್ತಾರೆ, ಪೇಜ್ ರಾತ್ರಿಯಲ್ಲಿ ಬೆಟ್ಟ ಹತ್ತಿ ವೃದ್ಧ ತಪಸ್ವಿಯನ್ನು ಕಾಣುತ್ತಾರೆ, ಜೋನ್ಸ್ ಮುಖವಾಡ ತೊಟ್ಟು ಕುದುರೆಯೇರುತ್ತಾರೆ. ಅಷ್ಟು ಹೊತ್ತೂ ವಾದ್ಯ ನುಡಿಯುತ್ತಿರುತ್ತದೆ, ಕೈಗಳು ಕಾಣುವುದಿಲ್ಲ.

ಒಂದೇ ಒಂದನ್ನು ಮಾತ್ರ ಬಿಟ್ಟುಕೊಡಲಾರೆ. 'ಮೋಬಿ ಡಿಕ್' ಎಂಬ ಡ್ರಮ್ಸ್ ವಾದನದ ನಡುವೆ ಬೋನಮ್ ಅವರ ಮನೆಯ ಬದುಕು, ಓಟದ ಕಾರು ಬರುತ್ತವೆ. ಅಲ್ಲೊಬ್ಬ ಏಳರ ಆಸುಪಾಸಿನ ಹುಡುಗ ಪುಟ್ಟ ಡ್ರಮ್ಸಿನ ಮುಂದೆ ಕುಳಿತು ಬಡಿಯುತ್ತಿದ್ದಾನೆ. ಅವರ ಮಗ ಜೇಸನ್. 1976ರಲ್ಲಿ ಇದನ್ನೂ ಅನಗತ್ಯವೆಂದು ಟೀಕಿಸಬಹುದಾಗಿತ್ತು. 2007ರ ಡಿಸೆಂಬರ್ 10ರಂದು ಉಳಿದ ಮೂವರು ಲಂಡನ್ನಿನ ಓ2 ಅರೀನಾದಲ್ಲಿ ಮತ್ತೆ ಒಂದಾದಾಗ ತಂದೆಯ ಜಾಗದಲ್ಲಿ ಕುಳಿತವನು ಆ ಹುಡುಗನೇ. 2012ರಲ್ಲಿ 'ಸೆಲೆಬ್ರೇಶನ್ ಡೇ' ಎಂಬ ಹೆಸರಿನಲ್ಲಿ ತೆರೆಗೆ ಬಂದ ಆ ಕಛೇರಿ ಒಂದೇ ರಾತ್ರಿಯದು. ಪ್ಲಾಂಟ್‌ಗೆ ಆಗ 59 ವರ್ಷ. ಕೆಲವು ಹಾಡುಗಳ ಶ್ರುತಿಯನ್ನು ತಗ್ಗಿಸಲಾಗಿತ್ತು. ಶ್ರುತಿ ತಗ್ಗಿತೆಂದು ಕೆಲವರು ಮುನಿದರು, ಬೋನಮ್ ಇಲ್ಲದ ಮೇಲೆ ಅದು ಲೆಡ್ ಜೆಪ್ಲಿನ್ನೇ ಅಲ್ಲ ಎಂದರು ಕೆಲವರು. ಶ್ರುತಿಯ ಮಾತನ್ನು ಒಪ್ಪಬಹುದು. ಎರಡನೆಯದನ್ನು ಹೇಳುವವರು ಮೊದಲು 1976ರ ಚಿತ್ರದ ಆ ಕೆಲವು ಕ್ಷಣಗಳನ್ನು ನೋಡಿ, ಆಮೇಲೆ 2012ರ ಚಿತ್ರದಲ್ಲಿ ಜೇಸನ್ ಕೈಯೆತ್ತುವ ರೀತಿಯನ್ನು ನೋಡಲಿ.