ಚಿಪ್ ಉಳಿಸಿದ್ದನ್ನೆಲ್ಲ ನಮ್ಮ ಕೋಡ್ ತಿಂತು

ಮೊನ್ನೆ ಆಫೀಸಿನಲ್ಲಿ ಹೊಸ ಲ್ಯಾಪ್‌ಟಾಪ್ ಕೊಟ್ಟರು. ಪಕ್ಕದ ಸೀಟಿನವನು ಡಬ್ಬ ಬಿಚ್ಚುತ್ತಲೇ ಶುರು ಮಾಡಿದ. "ಗುರೂ, ಫ್ಯಾನೇ ಇಲ್ಲ ನೋಡು ಇದಕ್ಕೆ. ಇಡೀ ದಿನ ಬ್ಯಾಟರಿ ಬರತ್ತಂತೆ!" ಮಧ್ಯಾಹ್ನದ ಹೊತ್ತಿಗೆ ಅದರೊಳಗೆ ಒಂದು ಮೀಟಿಂಗ್ ಆ್ಯಪ್, ನಲವತ್ತು ಟ್ಯಾಬ್ ತೆರೆದ ಬ್ರೌಸರ್, ಜೊತೆಗೆ ಹೊಟ್ಟೆಯೊಳಗೆ ಇನ್ನೊಂದು ಬ್ರೌಸರನ್ನೇ ಹೊತ್ತು ಬರುವ ಚಾಟ್ ಆ್ಯಪ್ ಬಂದು ಕೂತಿದ್ದವು. ಸಂಜೆ ಐದಕ್ಕೆ ಆಸಾಮಿ ಚಾರ್ಜರ್ ಹುಡುಕುತ್ತಿದ್ದ. "ಎಲ್ಲಾ ಸುಳ್ಳು ಹೇಳ್ತಾರೆ ಕಣೋ ಈ ಕಂಪನಿಯೋರು" ಅಂತ ಬೈಗುಳ ಬೇರೆ.

ಸುಳ್ಳಲ್ಲ ಕಣಯ್ಯಾ. ಚಿಪ್ ಮಾಡಿದವರು ಅವರ ಕೆಲಸ ಮಾಡಿದ್ದಾರೆ. ಕೆಡಿಸಿದ್ದು ನಾವು, ಸಾಫ್ಟ್‌ವೇರಿನವರು.

ಅವರು ಪಟ್ಟ ಪಾಡು ಸಣ್ಣದಲ್ಲ. ಟ್ರಾನ್ಸಿಸ್ಟರ್ ಒಮ್ಮೆ ಸ್ವಿಚ್ ಆಗಲು ಬೇಕಾಗುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತಿರುತ್ತದೆ. ವೋಲ್ಟೇಜ್ ಅರ್ಧಕ್ಕಿಳಿಸಿದರೆ ಖರ್ಚು ಕಾಲು ಭಾಗಕ್ಕಿಳಿಯುತ್ತದೆ. ಟ್ರಾನ್ಸಿಸ್ಟರ್ ಚಿಕ್ಕದಾದಂತೆಲ್ಲ ವೋಲ್ಟೇಜನ್ನೂ ಅದೇ ಅಳತೆಯಲ್ಲಿ ಇಳಿಸುತ್ತ ಹೋದರೆ, ಅಷ್ಟೇ ಜಾಗದಲ್ಲಿ ಎಷ್ಟು ತುಂಬಿದರೂ ಬಿಸಿ ಏರುವುದಿಲ್ಲ ಅಂತ ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿಕೊಟ್ಟರು. ಸುಮಾರು ಮೂವತ್ತು ವರ್ಷ ಇಡೀ ಉದ್ಯಮ ಈ ಲೆಕ್ಕದ ಮೇಲೆ ಬದುಕಿತು. ಆಮೇಲೆ ಅದೂ ಮುಗಿಯಿತು. ಇನ್ನೂ ಇಳಿಸಲು ಹೋದರೆ ಆಫ್ ಆಗಿರಬೇಕಾದ ಟ್ರಾನ್ಸಿಸ್ಟರಿನಲ್ಲೂ ಕರೆಂಟ್ ಸೋರತೊಡಗಿತು. ನೂರು ವ್ಯಾಟ್ ದಾಟಿದ್ದ ಪೆಂಟಿಯಂ 4ರ 4 ಗಿಗಾಹರ್ಟ್ಸ್ ಮಾದರಿಯನ್ನು ಇಂಟೆಲ್ 2004ರಲ್ಲಿ ಬಿಡುಗಡೆಗೆ ಮುಂಚೆಯೇ ಕೈಬಿಟ್ಟಿತು.

ಅಲ್ಲಿಂದ ಮುಂದಿನದೆಲ್ಲ ಪೈಸೆ ಪೈಸೆ ಉಳಿತಾಯ. ವೇಗ ಹೆಚ್ಚಿಸುವ ಬದಲು ಕೋರ್‌ಗಳನ್ನು ಹೆಚ್ಚಿಸಿದರು. ಕೆಲಸವಿಲ್ಲದ ಭಾಗಕ್ಕೆ ಕ್ಲಾಕ್ ನಿಲ್ಲಿಸಿದರು, ಆಮೇಲೆ ಕರೆಂಟನ್ನೇ ಕಡಿದರು. 2011ರಲ್ಲಿ ಎಆರ್‌ಎಂ ಕಂಪನಿ ದೊಡ್ಡ ಕೋರ್ ಮತ್ತು ಚಿಕ್ಕ ಕೋರ್‌ಗಳನ್ನು ಒಂದೇ ಚಿಪ್ಪಿನಲ್ಲಿ ಜೋಡಿಸುವ ವಿನ್ಯಾಸ ತಂದಿತು. ಭಾರದ ಕೆಲಸಕ್ಕೆ ದೊಡ್ಡದು, ಹಗುರ ಕೆಲಸಕ್ಕೆ ಚಿಕ್ಕದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗಿನಿಂದ ನಮ್ಮ ಊರಿನಲ್ಲೂ ಚಿಪ್ ವಿನ್ಯಾಸದ ಕೆಲಸ ನಡೆಯುತ್ತಿದೆ. ನನ್ನ ಜೊತೆ ಬಿಇ ಓದಿದ ಎಲೆಕ್ಟ್ರಾನಿಕ್ಸ್ ಗೆಳೆಯನೊಬ್ಬ ಇದೇ ಕೆಲಸದಲ್ಲಿದ್ದಾನೆ. ಕೆಲವು ಮೈಕ್ರೊವ್ಯಾಟ್ ಉಳಿಸಲು ವಾರಗಟ್ಟಲೆ ನಿದ್ದೆಗೆಡುತ್ತಾನೆ.

ಅವನ ಈ ಜಾಣ್ಮೆಯೆಲ್ಲ ನಿಂತಿರುವುದು ಒಂದೇ ನಂಬಿಕೆಯ ಮೇಲೆ. ಕೆಲಸವಿಲ್ಲದಾಗ ಚಿಪ್ ಮಲಗಬೇಕು. ಅದನ್ನು ಮಲಗಲು ಬಿಡಬೇಕಾದವರು ನಾವು, ಕೋಡ್ ಬರೆಯುವವರು. ನಾವು ಬಿಡುತ್ತಿಲ್ಲ.

ಬೇರೆಯವರ ಮೇಲೆ ಹಾಕುವುದಕ್ಕಿಂತ ನನ್ನದೇ ಹೇಳಿಬಿಡುತ್ತೇನೆ.

ನಮ್ಮದು ಶಿರಾ ಕಡೆಯ ಹಳ್ಳಿ. ಅಡಿಕೆ ತೋಟ, ಬೋರ್‌ವೆಲ್. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಕೆಲವೇ ಗಂಟೆ, ಅದೂ ಹೆಚ್ಚಾಗಿ ರಾತ್ರಿ. ನಾನು ಚಿಕ್ಕವನಿದ್ದಾಗ ಅಪ್ಪ ಗಂಟೆಗೊಮ್ಮೆ ಎದ್ದು, ಬ್ಯಾಟರಿ ಹಿಡಿದು, ಕರೆಂಟ್ ಬಂತಾ ಅಂತ ನೋಡಿಬರುತ್ತಿದ್ದರು. ಈಗ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೇವೆ. ಕರೆಂಟ್ ಬಂದರೆ ಅದೇ ಅಪ್ಪನಿಗೆ ಫೋನ್ ಮಾಡುತ್ತೆ. ಅವರು ಎದ್ದು ಹೋಗಿ, ಆ ದಿನದ ಸಾಲಿಗೆ ಗೇಟ್‌ವಾಲ್ ತಿರುಗಿಸಿ, ಮೋಟರ್ ಹಾಕುತ್ತಾರೆ.

ಕಂಪ್ಯೂಟರ್ ಓದಿದವರಿಗೆ ಇದು ಗೊತ್ತಿರುವುದೇ. ಮೊದಲನೆಯದು ಪೋಲಿಂಗ್, ಎರಡನೆಯದು ಇಂಟರಪ್ಟ್. ಬಿಇಯಲ್ಲಿ ಮೈಕ್ರೊಪ್ರೊಸೆಸರ್ ಪಾಠ ಮಾಡುವಾಗ ಇಡೀ ಕ್ಲಾಸಿನಲ್ಲಿ ನನಗೇ ಮೊದಲು ಅರ್ಥವಾಗಿತ್ತು. ಅಪ್ಪ ಕಲಿಸಿದ್ದರಲ್ಲ!

ಅಂಥ ನಾನು ನಮ್ಮ ಕಂಪನಿಯ ಆ್ಯಪಿನಲ್ಲಿ ಎರಡು ಸೆಕೆಂಡಿಗೊಮ್ಮೆ ಸರ್ವರನ್ನು "ಏನಾದ್ರೂ ಬಂತಾ?" ಅಂತ ಕೇಳುವ ಕೋಡ್ ಬರೆದೆ. ಸ್ಕ್ರೀನ್ ಆಫ್ ಆಗಿದ್ದರೂ ಕೇಳುತ್ತಿತ್ತು. ರಿಲೀಸಿಗೆ ಮೂರು ದಿನ ಇತ್ತು, ಸರಿಯಾಗಿ ಬರೆಯಲು ಒಂದು ವಾರ ಬೇಕಿತ್ತು. ರಿವ್ಯೂನಲ್ಲಿ ಯಾರೂ ಚಕಾರ ಎತ್ತಲಿಲ್ಲ. ನಮ್ಮೆಲ್ಲರ ಫೋನುಗಳು ಹೊಸವು, ಚಾರ್ಜರ್ ಪಕ್ಕದಲ್ಲೇ.

ಹಬ್ಬಕ್ಕೆ ಹೋದಾಗ ಹೆಮ್ಮೆಯಿಂದ ಅಪ್ಪನ ಫೋನಿಗೂ ಆ ಆ್ಯಪ್ ಹಾಕಿಕೊಟ್ಟೆ. ವಾರದ ಮೇಲೆ ಅಪ್ಪ ಫೋನ್ ಮಾಡಿದರು. "ನೀನು ಅದೇನೋ ಹಾಕ್ಕೊಟ್ಟಾಗ್ಲಿಂದ ಈ ಫೋನು ಸುಮ್ನಿದ್ರೂ ಬಿಸಿ ಆಗ್ತದೆ ಮಗಾ. ರಾತ್ರಿ ಆಫ್ ಆಗೋಗಿತ್ತು. ಕರೆಂಟ್ ಬಂದಿದ್ದೇ ಗೊತ್ತಾಗ್ಲಿಲ್ಲ."

ಬೇಸಿಗೆ. ಮೂರು ವರ್ಷದ ಗಿಡಗಳು. ಒಂದು ರಾತ್ರಿಯ ನೀರು ಹೋಯಿತು. ಗಿಡ ಸಾಯಲಿಲ್ಲ, ನಿಜ. ಆದರೆ ಎಪ್ಪತ್ತರ ಹತ್ತಿರದ ಮನುಷ್ಯ ಫೋನನ್ನು ನಂಬದೆ ಮುಂದಿನ ಹದಿನೈದು ದಿನ ಮತ್ತೆ ಗಂಟೆಗೊಮ್ಮೆ ಎದ್ದರು. ನನ್ನ ಕೋಡ್ ಅಪ್ಪನನ್ನೇ ಪೋಲಿಂಗ್‌ಗೆ ವಾಪಸ್ ಕಳಿಸಿತ್ತು.

ಇದನ್ನು ಹೇಳಿದರೆ ನಮ್ಮವರದು ಒಂದೇ ಉತ್ತರ: "ಇಂಜಿನಿಯರ್ ಟೈಮ್ ದುಬಾರಿ, ಮೆಷಿನ್ ಅಗ್ಗ. ಮುಂದಿನ ಚಿಪ್ ಬರುತ್ತೆ ಬಿಡಿ." ಅಗ್ಗ ಯಾರಿಗೆ ಸ್ವಾಮಿ? ನಾನು ಉಳಿಸಿದ ನಾಲ್ಕು ದಿನದ ಬಿಲ್ಲನ್ನು ಲಕ್ಷಾಂತರ ಜನರ ಬ್ಯಾಟರಿ ಕಟ್ಟಿತು. ಆ ಖರ್ಚು ಕಂಪನಿಯ ಯಾವ ಲೆಕ್ಕದಲ್ಲೂ ಬರುವುದಿಲ್ಲ, ಅದಕ್ಕೇ ಅಗ್ಗ ಅನಿಸುತ್ತದೆ.

ಇನ್ನು "ಮುಂದಿನ ಚಿಪ್" ಮಾತು. ನಮ್ಮ ಕಡೆ ಹನಿ ನೀರಾವರಿ ಬಂದಾಗ ನೀರು ಉಳಿಯುತ್ತೆ ಅಂದರು. ಗಿಡಕ್ಕೆ ಬೇಕಾಗುವ ನೀರು ಕಡಿಮೆಯಾಯಿತು, ಹೌದು. ಉಳಿದ ನೀರಿಗೆ ಎಲ್ಲರೂ ಇನ್ನೊಂದು ಎಕರೆ ಅಡಿಕೆ ಇಟ್ಟರು. ಬೋರ್‌ವೆಲ್‌ಗಳು ಇನ್ನೂ ಆಳಕ್ಕೆ ಹೋದವು. ಉಗಿಯಂತ್ರ ಸುಧಾರಿಸಿದಷ್ಟೂ ಕಲ್ಲಿದ್ದಲು ಹೆಚ್ಚು ಖರ್ಚಾಗುತ್ತದೆ ಅಂತ ಇಂಗ್ಲೆಂಡಿನ ಜೆವನ್ಸ್ 1865ರಲ್ಲೇ ಬರೆದಿದ್ದ.

ಚಿಪ್ಪಿನಲ್ಲೂ ಅದೇ ಕಥೆ. ಎನ್ವಿಡಿಯಾದ ಡೇಟಾ ಸೆಂಟರ್ ಚಿಪ್‌ಗಳನ್ನೇ ನೋಡಿ. 2017ರ ವಿ100ಕ್ಕೆ 300 ವ್ಯಾಟ್, 2020ರ ಎ100ಕ್ಕೆ 400, 2022ರ ಎಚ್100ಕ್ಕೆ 700. ಒಂದೊಂದು ಲೆಕ್ಕಕ್ಕೆ ತಗಲುವ ಶಕ್ತಿ ಪ್ರತಿ ತಲೆಮಾರಿನಲ್ಲೂ ಇಳಿದಿದೆ, ಒಟ್ಟು ಖರ್ಚು ಏರಿದೆ. ಡೇಟಾ ಸೆಂಟರ್‌ಗಳು 2024ರಲ್ಲಿ ಸುಮಾರು 41,500 ಕೋಟಿ ಯೂನಿಟ್ ಬಳಸಿದವು, 2030ರ ಹೊತ್ತಿಗೆ ಇದು ದುಪ್ಪಟ್ಟಿಗೂ ಹೆಚ್ಚಾಗಬಹುದು ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು. ಚಿಪ್ ಎಷ್ಟೇ ಮಿತವ್ಯಯಿಯಾದರೂ, ಬಳಸುವವನಿಗೆ ಮಿತಿ ಇಲ್ಲದಿದ್ದರೆ ಉಳಿಯುವುದೇನೂ ಇಲ್ಲ.

ಹಾಗಂತ ಎಲ್ಲರೂ ಅಸೆಂಬ್ಲಿಯಲ್ಲಿ ಬರೆಯಿರಿ ಅಂತ ನಾನು ಹೇಳುತ್ತಿಲ್ಲ. ಮೆಮೊರಿಗೆ, ಸ್ಪೀಡಿಗೆ ಮಿತಿ ಹಾಕಿಕೊಳ್ಳುವ ನಾವು ಕರೆಂಟಿಗೂ ಒಂದು ಮಿತಿ ಹಾಕಿಕೊಳ್ಳೋಣ. ಸ್ಕ್ರೀನ್ ಆಫ್ ಆದಮೇಲೆ ಈ ಕೋಡ್ ಚಿಪ್ಪನ್ನು ಎಷ್ಟು ಸಲ ಎಬ್ಬಿಸುತ್ತೆ ಅಂತ ರಿವ್ಯೂನಲ್ಲಿ ಒಬ್ಬರಾದರೂ ಕೇಳಲಿ. ಅಳೆಯುವ ಸಾಧನಗಳು ಈಗಾಗಲೇ ಇವೆ, ತೆರೆದು ನೋಡುವವರಿಲ್ಲ ಅಷ್ಟೆ. ಮತ್ತೆ ಪ್ರತಿ ಟೀಮಿನಲ್ಲೂ ಐದು ವರ್ಷ ಹಳೆಯ, ಅಗ್ಗದ ಫೋನೊಂದು ಇರಲಿ. ಅದರಲ್ಲಿ ಒಂದು ರಾತ್ರಿ ಕಳೆಯದ ಆ್ಯಪ್ ರಿಲೀಸ್ ಆಗಬಾರದು.

ನಮ್ಮ ಟೀಮಿನಲ್ಲಿ ಈಗ ಅಂಥದೊಂದು ಫೋನಿದೆ. ಅಪ್ಪನಿಗೆ ಹೊಸದು ಕೊಡಿಸಿ, ಅವರ ಹಳೇದನ್ನು ನಾನೇ ತಂದಿಟ್ಟೆ. ಪೋಲಿಂಗ್ ಕೋಡನ್ನೂ ತೆಗೆದೆ, ಆರು ದಿನ ಹಿಡಿಯಿತು. ಮ್ಯಾನೇಜರ್ "ಈ ಸ್ಪ್ರಿಂಟಿನಲ್ಲಿ ಹೊಸದೇನು ಮಾಡಿದೆ?" ಅಂತ ಕೇಳಿದರು. ಏನೂ ಇಲ್ಲ ಸರ್, ಅಂದೆ. ಅಪ್ಪ ಈಗ ನಿದ್ದೆ ಮಾಡ್ತಾರೆ.