ರೊಟ್ಟಿಯ ಬಂಡಿ, ಬಿಯರಿನ ಬಂಡಿ

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ರೊಟ್ಟಿ ಬಡಿಯುವ ಸದ್ದು ಜೋರಾಗುತ್ತದೆ. ಅದು ಮನೆಮಂದಿಯ ಊಟಕ್ಕೆ ಬಡಿಯುವ ರೊಟ್ಟಿಯಲ್ಲ. ಓಣಿಯ ಹೆಂಗಸರೆಲ್ಲ ಒಂದೆಡೆ ಸೇರಿ ತೆಳ್ಳಗೆ ಬಡಿದು, ಕಟಕಟ ಎನ್ನುವಂತೆ ಒಣಗಿಸಿ ಗಂಟು ಕಟ್ಟುತ್ತಾರೆ. ಕಾಲುವೆ ನೀರುಂಡ ಗಂಗಾವತಿ ಸೀಮೆಯಿಂದ ಅಕ್ಕಿ ಬರುತ್ತದೆ. ಕಾಯಿಪಲ್ಯ, ಬೇಳೆ, ಬೆಲ್ಲ, ಒಲೆಗೆ ಕಟ್ಟಿಗೆ, ಎಲ್ಲವೂ ಬಂಡಿ, ಟ್ರ್ಯಾಕ್ಟರುಗಳಲ್ಲಿ ಕೊಪ್ಪಳದ ಗವಿಮಠದ ದಾರಿ ಹಿಡಿಯುತ್ತವೆ. ಪುಷ್ಯ ಬಹುಳ ಬಿದಿಗೆಯ ಸಂಜೆ ಗವಿಸಿದ್ಧೇಶ್ವರನ ತೇರು ಎಳೆದಾಗ ಲಕ್ಷಗಟ್ಟಲೆ ಜನ ಉತ್ತತ್ತಿ, ಬಾಳೆಹಣ್ಣು ಎಸೆದು ಕೈಮುಗಿಯುತ್ತಾರೆ. ತೇರು ನಿಂತರೂ ದಾಸೋಹ ನಿಲ್ಲುವುದಿಲ್ಲ. ಮುಂದೆ ಹಲವು ದಿನ ಪಂಕ್ತಿಗಳು ಏಳುತ್ತಲೇ ಇರುತ್ತವೆ.

ಈಗ ಈ ಸೀಮೆಯ ಮಕ್ಕಳೂ ಓದಿಗೆಂದು, ನೌಕರಿಗೆಂದು ಜರ್ಮನಿ ಸೇರುತ್ತಿದ್ದಾರೆ. ಮಗನನ್ನು ನೋಡಲು ಹೋದ ತಂದೆತಾಯಿ ಸೆಪ್ಟೆಂಬರ್ ಕೊನೆಯಲ್ಲಿ ಮ್ಯೂನಿಕ್ ಪಟ್ಟಣದಲ್ಲಿದ್ದರೆಂದು ಇಟ್ಟುಕೊಳ್ಳೋಣ. "ಅಪ್ಪಾ, ಇಲ್ಲೂ ಒಂದು ಜಾತ್ರಿ ಐತಿ, ಬರ್ರಿ" ಎಂದು ಮಗ ಕರೆದೊಯ್ಯುವುದು ಅಕ್ಟೋಬರ್‌ಫೆಸ್ಟ್‌ಗೆ. ಹೆಸರು ಅಕ್ಟೋಬರಿನದಾದರೂ ಹಬ್ಬದ ಹೆಚ್ಚಿನ ಪಾಲು ನಡೆಯುವುದು ಸೆಪ್ಟೆಂಬರಿನಲ್ಲಿ. ಚಳಿ ಹಿಡಿಯುವ ಮೊದಲೇ ಮುಗಿಯಲಿ ಎಂಬ ಲೆಕ್ಕಾಚಾರ.

ಇದು ಹುಟ್ಟಿದ್ದು ಒಂದು ಮದುವೆಯಿಂದ. 1810ರ ಅಕ್ಟೋಬರ್ 12ರಂದು ಬವೇರಿಯದ ಯುವರಾಜ ಲುಡ್ವಿಗ್ ರಾಜಕುಮಾರಿ ತೆರೇಸಾಳನ್ನು ವರಿಸಿದ. ಐದು ದಿನಗಳ ಬಳಿಕ ಊರ ಹೊರಗಿನ ಬಯಲಿನಲ್ಲಿ ಕುದುರೆ ಓಟ ನಡೆಯಿತು. ಮರುವರ್ಷ ಅದಕ್ಕೆ ಕೃಷಿ ಪ್ರದರ್ಶನ ಸೇರಿತು. ಬಯಲಿಗೆ ಇಂದಿಗೂ ಮದುಮಗಳ ಹೆಸರೇ ಇದೆ. ಕುದುರೆ ಓಟ ನಿಂತುಹೋಗಿ ಬಿಯರೇ ಹಬ್ಬದ ಯಜಮಾನನಾದದ್ದು ಕಾಲಕ್ರಮದಲ್ಲಿ.

ಮೊದಲ ದಿನ ಅಲಂಕರಿಸಿದ ದೈತ್ಯ ಕುದುರೆಗಳು ಪೀಪಾಯಿ ತುಂಬಿದ ಬಂಡಿಗಳನ್ನು ಎಳೆದು ತರುತ್ತವೆ. ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ ನಗರದ ಮೇಯರ್ ಕೊಡತಿಯಿಂದ ಬಡಿದು ಮೊದಲ ಪೀಪಾಯಿಗೆ ನಲ್ಲಿ ಕೂರಿಸುತ್ತಾನೆ. ಈ ಪದ್ಧತಿ 1950ರಿಂದ ಬಂದದ್ದು. ಎಷ್ಟು ಏಟಿಗೆ ನಲ್ಲಿ ಕೂತಿತು ಎಂಬುದನ್ನು ಜನ ಎಣಿಸುತ್ತಾರೆ. ಡೇರೆ ಎನ್ನುವುದು ಹೆಸರಿಗೆ ಮಾತ್ರ. ಒಂದೊಂದರಲ್ಲಿ ಸಾವಿರಾರು ಜನ ಕೂರಬಹುದು. ಮ್ಯೂನಿಕ್‌ನ ಆರು ಕಂಪನಿಗಳ ಬಿಯರಿಗಷ್ಟೇ ಅಲ್ಲಿ ಪ್ರವೇಶ. ಒಂದು ಮಗ್ಗಿಗೆ ಒಂದು ಲೀಟರು. ಹತ್ತು ಮಗ್ಗುಗಳನ್ನು ಎದೆಗವುಚಿಕೊಂಡು ಓಡಾಡುವ ಹೆಂಗಸರನ್ನು ಕಂಡರೆ, ತಲೆಯ ಮೇಲೊಂದು, ಕಂಕುಳಲ್ಲೊಂದು ಕೊಡ ಹೊತ್ತು ಬೆಳೆದ ನಮ್ಮ ತಾಯಿಗೂ ಬೆರಗಾದೀತು.

ಬಯಲಿಗೆ ಕಾಲಿಡಲು ಹಣವಿಲ್ಲ. ಆದರೆ ಡೇರೆಯಲ್ಲಿ ಕೂರಲು ಜಾಗ ಸಿಗದವರಿಗೆ ಸಾಮಾನ್ಯವಾಗಿ ಬಿಯರೂ ಇಲ್ಲ. 2023ರಲ್ಲಿ ಸುಮಾರು 72 ಲಕ್ಷ ಮಂದಿ ಬಂದಿದ್ದರು. ಆ ವರ್ಷ ಮಗ್ಗೊಂದರ ಬೆಲೆ 13ರಿಂದ 15 ಯೂರೊ ಆಸುಪಾಸು, ಅಂದರೆ ನಮ್ಮ ಸಾವಿರದ ಇನ್ನೂರು ರೂಪಾಯಿಯ ಸುತ್ತಮುತ್ತ. ಅಪ್ಪ ಮನಸ್ಸಿನಲ್ಲೇ ಅದನ್ನು ಜೋಳದ ಚೀಲಕ್ಕೆ ತಾಳೆ ಹಾಕಿ ನೋಡದೆ ಇರುವನೆ?

ಅವ್ವನ ಲೆಕ್ಕ ಬೇರೆ. ಕುಡಿತ ಎಂದರೆ ಆಕೆ ಕಂಡದ್ದು ಮಾರಿಹೋದ ತಾಳಿ, ಉಪವಾಸ ಮಲಗಿದ ಮಕ್ಕಳು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. ಆದರೂ ಕುಡಿತ ನಿಲ್ಲದೆ, 2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಸಾವಿರಾರು ಹೆಂಗಸರು ಮದ್ಯ ನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಅಂಥ ಸೀಮೆಯ ಹೆಣ್ಣುಮಗಳಿಗೆ ಅಜ್ಜ, ಮಗಳು, ಅಳಿಯ ಒಂದೇ ಬೆಂಚಿನಲ್ಲಿ ಕೂತು ನಾಚಿಕೆಯಿಲ್ಲದೆ ಮಗ್ಗು ಎತ್ತುವುದು ವಿಚಿತ್ರವೆನಿಸಬಹುದು. ಬವೇರಿಯದವರಿಗೆ ಬಿಯರ್ ಎಂದರೆ ಊಟದ ಜೊತೆಗಿನ ಪಾನೀಯ. ಅದನ್ನು ಬಾರ್ಲಿ, ಹಾಪ್ಸ್ ಹೂವು ಮತ್ತು ನೀರಿನಿಂದಷ್ಟೇ ಮಾಡಬೇಕೆಂದು 1516ರಲ್ಲೇ ಕಟ್ಟಳೆ ಹೊರಡಿಸಿದವರು ಅವರು. ಹಾಗೆಂದು ಅಲ್ಲಿ ಎಲ್ಲರೂ ಹದ ಬಲ್ಲವರೆಂದಲ್ಲ. ಕುಡಿದು ಹುಲ್ಲಿನ ಮೇಲೆ ಉರುಳಿದವರಿಗೆ ಆ ಊರಿನವರೇ ಇಟ್ಟ ಹೆಸರು "ಬಿಯರ್ ಹೆಣ".

ಅಲ್ಲಿ ಇನ್ನೊಂದು ತಮಾಷೆಯಿದೆ. ನೆನಪಿಗೆಂದು ಮಗ್ಗನ್ನು ಚೀಲಕ್ಕೆ ಸೇರಿಸುವವರು ಬಹಳ. 2022ರಲ್ಲಿ ಹೀಗೆ ಹೊರಟ ಒಂದು ಲಕ್ಷಕ್ಕೂ ಹೆಚ್ಚು ಮಗ್ಗುಗಳನ್ನು ಕಾವಲಿನವರು ಮರಳಿ ಪಡೆದರು. ಎರಡು ಜಾತ್ರೆಗಳ ಅಂತರ ಬೆಲೆಯಲ್ಲಿ, ಬಿಯರಿನಲ್ಲಿ ಕಾಣುವುದಕ್ಕಿಂತ ನಿಚ್ಚಳವಾಗಿ ಈ ಬಾಗಿಲಲ್ಲಿ ಕಾಣುತ್ತದೆ. ಅಲ್ಲಿ ಹೊರಡುವವರ ಚೀಲ ತಡವುತ್ತಾರೆ; ಇಲ್ಲಿ ಬರುವವರ ಬಂಡಿ ಇಳಿಸಿಕೊಳ್ಳುತ್ತಾರೆ. ಕೊಪ್ಪಳದಲ್ಲಿ ಉಣ್ಣುವವನು ಯಾವ ಊರಿನವನೆಂದು ಕೇಳುವವರಿಲ್ಲ. "ಉಂಡು ಹೋಗ್ರಿ" ಎಂಬುದೇ ಮಾತು. ಮಾದಲಿ, ರೊಟ್ಟಿ, ಪಲ್ಯ, ಒಂದು ದಿನ ಲಕ್ಷಗಟ್ಟಲೆ ಮಿರ್ಚಿ, ಯಾವುದಕ್ಕೂ ಚೀಟಿಯಿಲ್ಲ. ತಂದುಕೊಟ್ಟವನೂ ಅದೇ ಪಂಕ್ತಿಯಲ್ಲಿ ಕೂರುತ್ತಾನೆ.

ಮ್ಯೂನಿಕ್‌ನವರಿಗೂ ತಮ್ಮ ಹಬ್ಬ ಹೊರಗಿನವರ ಸಂತೆಯಾಗುತ್ತಿದೆ ಎಂಬ ಕೊರಗಿದೆ. 2010ರಲ್ಲಿ, ಹಬ್ಬಕ್ಕೆ ಇನ್ನೂರು ವರ್ಷ ತುಂಬಿದಾಗ, ಹಳೆಯ ಕಾಲದ ವಾದ್ಯ, ಕುಣಿತಗಳಿಗೆಂದೇ ಬಯಲಿನ ಒಂದು ಮೂಲೆಯನ್ನು ಬೇರೆ ಮಾಡಿದರು. ಮೊದಲ ಭಾನುವಾರ ಸಾವಿರಾರು ಜನ ತಂತಮ್ಮ ಊರಿನ ಉಡುಪು ತೊಟ್ಟು ಮೆರವಣಿಗೆ ಹೊರಡುತ್ತಾರೆ. ಆ ಮೆರವಣಿಗೆಯಲ್ಲಿ ನಡೆಯುವವನಿಗೆ ಅದು ಇಂದಿಗೂ ಜಾತ್ರೆಯೇ. ದುಡ್ಡು ಕೊಟ್ಟು ಕೂತು ಎದ್ದು ಹೋಗುವವನಿಗೆ ಮಾತ್ರ ನೋಟ. ಕೊಪ್ಪಳದಲ್ಲೂ ಈಗ ತೇರಿನತ್ತ ಕೈಗಳ ಜೊತೆಗೆ ಮೊಬೈಲುಗಳೂ ಏಳುತ್ತಿವೆ. ದೂರದವರು ನೋಡಲೆಂದೇ ಬರುತ್ತಿದ್ದಾರೆ. ಬರಲಿ; ಆದರೆ ರೊಟ್ಟಿ ಬಡಿಯುವ ಕೈ ಕಡಿಮೆಯಾಗಿ ಚಿತ್ರ ಹಿಡಿಯುವ ಕೈಯೇ ಹೆಚ್ಚಾದರೆ, ಪಂಕ್ತಿಗೆ ಬಡಿಸುವುದೇನನ್ನು?

ಊರಿಗೆ ಮರಳಿದ ಅವ್ವನನ್ನು ಓಣಿಯವರು ಕೇಳದೆ ಬಿಡುವುದಿಲ್ಲ, ಜರ್ಮನಿ ಜಾತ್ರಿ ಹೆಂಗಿತ್ತಬೇ ಎಂದು. ಆಕೆಯ ಉತ್ತರ ಊಹಿಸಬಹುದು: "ಜಾತ್ರಿ ಚಲೋನ ಐತಿ. ಆದ್ರ ಕೈಬೀಸಿಕೊಂಡು ಹೋಗಿ ಬಂದಂಗಾತು ನೋಡ್ರಿ."